ಮುಂಗುಟುಕು, ಹಿಂಗುಟುಕು

ಒಂದಾನೊಂದು ಊರಿನಲ್ಲಿ, ಮನುಷ್ಯರಿಗಿಂತ ಈಚಲು ಮರಗಳೇ ಹೆಚ್ಚಾಗಿದ್ದ ಊರಿನಲ್ಲಿ, ಪುಟ್ಟಚೌಡಮ್ಮ ಅಂತ ಹೆಂಡ ಮಾರುವ ಒಬ್ಬ ಮುದುಕಿ ಇದ್ದಳು. ಆ ಕಾಲದ ಹೆಂಡ ಈಗಿನ ಹಾಗಲ್ಲ ಕಣ್ರಪ್ಪಾ. ಅದರಲ್ಲಿ ಎಳೆಬಿಸಿಲಿನ ರುಚಿ ಇರುತ್ತಿತ್ತು. ಕುಡಿದವರು ಹೊಸ ಜಗಳ ತೆಗೆಯುತ್ತಿರಲಿಲ್ಲ, ಹಳೇ ಜಗಳ ಮರೆಯುತ್ತಿದ್ದರು.

ಅವಳ ಗಂಡ ಗಾಳಪ್ಪ ಬದುಕಿದ್ದಾಗ ಮಧ್ಯಾಹ್ನ ಮರ ಇಳಿದು ಬಂದು, ಕೈಕಾಲು ತೊಳೆದು, ಮುದ್ದೆಯ ಮುಂದೆ ಕೂತು ಕೂಗುತ್ತಿದ್ದ: "ಚೌಡೀ, ಮುಂಗುಟುಕು ಕೊಡೇ." ಉಂಡು ಬೆರಳು ನೆಕ್ಕಿ ಮತ್ತೆ ಕೂಗುತ್ತಿದ್ದ: "ಚೌಡೀ, ಹಿಂಗುಟುಕು ಎಲ್ಲೇ?" ಮಡಕೆ ಒಂದೇ, ಹೆಂಡವೂ ಒಂದೇ. ಊಟಕ್ಕೆ ಮುಂಚೆ ಕುಡಿದರೆ ಮುಂಗುಟುಕು, ಉಂಡಮೇಲೆ ಕುಡಿದರೆ ಹಿಂಗುಟುಕು. ಮುಂಗಾರು ಹಿಂಗಾರಿನ ನಡುವೆ ಬೆಳೆ ಇದ್ದ ಹಾಗೆ ಇವೆರಡರ ನಡುವೆ ಮುದ್ದೆ. ಎರಡು ಮಾತನ್ನೂ ಗಾಳಪ್ಪನೇ ಕಟ್ಟಿದ್ದು. ಅವನು ಹೋದಮೇಲೂ ಅವಳು ದಿನಾ ಒಬ್ಬಳೇ ಊಟಕ್ಕೆ ಕೂತು ಆ ಮಾತುಗಳನ್ನು ಆಡುತ್ತಿದ್ದಳು. "ಮುಂಗುಟುಕು ತಗೋ" ಅಂದರೆ ಎದುರಿಗೆ ಅವನ ಹಸಿದ ಮುಖ ಕಾಣುತ್ತಿತ್ತು. "ಹಿಂಗುಟುಕು ತಗೋ" ಅಂದರೆ ಅವನ ತಣಿದ ಮುಖ ಕಾಣುತ್ತಿತ್ತು.

ಆ ಸೀಮೆಯ ದೊರೆ ಮುದ್ದುಬಸವ ನಾಯಕನಿಗೆ ಹೆಸರಿನ ಹುಚ್ಚು. ತನ್ನ ಎಡಹುಬ್ಬಿಗೆ ಟೊಣಪ, ಬಲಹುಬ್ಬಿಗೆ ಚಂಪಟೆ ಅಂತ ಹೆಸರಿಟ್ಟಿದ್ದ. ಒಂದು ಮಧ್ಯಾಹ್ನ ಅವನ ಪಲ್ಲಕ್ಕಿ ಚೌಡಮ್ಮನ ಗುಡಿಸಲ ಮುಂದೆ ಬಂತು. ಒಳಗಿನ ಮುಂಗುಟುಕು, ಹಿಂಗುಟುಕಿನ ಮಾತು ಕಿವಿಗೆ ಬಿತ್ತು. ದೊರೆ ಪಲ್ಲಕ್ಕಿಯಿಂದ ಜಿಗಿದ.

"ಅಜ್ಜೀ, ನಾನೂ ಊಟಕ್ಕೆ ಮುಂಚೆ ಕುಡೀತೀನಿ, ಆಮೇಲೂ ಕುಡೀತೀನಿ. ಎರಡಕ್ಕೂ ಹೆಸರಿಲ್ಲದೆ ಅನಾಥನಾಗಿದ್ದೆ. ಆ ಮಾತು ನನಗೆ ಕೊಡು."

"ಅದು ನನ್ನ ಯಜಮಾನರ ಮಾತು ಬುದ್ಧಿ."

"ಬಿಟ್ಟಿ ಬೇಡ. ಎರಡು ಮಾತಿಗೆ ಎರಡು ಮಾತು. ನನ್ನ ಹುಬ್ಬುಗಳ ಹೆಸರು ತಗೋ."

ದೊರೆಗೆ ಇಲ್ಲ ಅನ್ನುವವರುಂಟೇ? ಅದಲುಬದಲು ಆಗೇಹೋಯಿತು. ಮರುದಿನ ಚೌಡಮ್ಮ ಊಟಕ್ಕೆ ಕೂತು ಬಾಯಿ ತೆರೆದಳು. "ಟೊಣಪ ತಗೋ" ಅನ್ನುವ ಮಾತು ಬಂತು. ಉಂಡು ಮತ್ತೆ ತೆರೆದಳು. "ಚಂಪಟೆ ತಗೋ" ಅಂತ ಬಂತು. ಗಾಳಪ್ಪನ ಹಸಿದ ಮುಖವೂ ಕಾಣಲಿಲ್ಲ, ತಣಿದ ಮುಖವೂ ಕಾಣಲಿಲ್ಲ. ದೊರೆಯ ಹುಬ್ಬೇ ಕಣ್ಣಮುಂದೆ ಕುಣಿಯಿತು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಇತ್ತ ಅರಮನೆಯಲ್ಲಿ ಮಂತ್ರಿ ಒಂದು ಲೆಕ್ಕಾಚಾರ ಹಾಕಿದ. "ಪ್ರಭು, ಹಿಂಗುಟುಕು ಕುಡಿಯೋದು ಯಾವಾಗ?"

"ಊಟ ಆದಮೇಲೆ."

"ಹಾಗಾದರೆ ಹಿಂಗುಟುಕು ಕುಡಿದವನಿಗೆ ಊಟ ಆಗಿದೆ ಅಂತಲೇ ಅರ್ಥ."

"ಅಲ್ಲವೇ ಮತ್ತೆ!"

"ಬೆಳಿಗ್ಗೆ ಎದ್ದ ತಕ್ಷಣ ಎಲ್ಲರಿಗೂ ಹಿಂಗುಟುಕು ಕುಡಿಸಿಬಿಟ್ಟರೆ ಅಡುಗೆಯ ತಾಪತ್ರಯವೇ ಇಲ್ಲ."

ಡಂಗುರ ಸಾರಿದರು. ಬೆಳಿಗ್ಗೆ ಬೆಳಿಗ್ಗೆ ಮನೆಮನೆಗೆ ಹಿಂಗುಟುಕು ಬಂತು. ಒಲೆಗಳು ಆರಿದವು. "ಊಟ ಆಯ್ತಾ ಭಾವ?" ಅಂದರೆ, "ಆಯ್ತು, ಅಪ್ಪಣೆ ಪ್ರಕಾರ" ಅಂತ ಭಾವ ಗೋಡೆ ಹಿಡಿದು ಹೇಳುತ್ತಿದ್ದ.

ಮೂರನೇ ದಿನ ದೊರೆಯ ಹೊಟ್ಟೆಯೇ ಬಾಯಿಬಿಟ್ಟು ಮಾತಾಡಿತು. "ನಾಯಕಾ, ನಾನು ಉಂಡಿಲ್ಲ."

"ಉಂಡಿದ್ದೀಯ. ಹಿಂಗುಟುಕು ಕುಡಿದಿದ್ದೀಯಲ್ಲ."

"ಹಾಗಾದರೆ ಆ ಊಟ ಎಲ್ಲಿ? ನನ್ನೊಳಗಂತೂ ಇಲ್ಲ."

ದೊರೆ ಗಾಬರಿಯಾದ. ಊಟ ಆಗಿದೆ. ಆದ ಊಟ ಹೊಟ್ಟೆಯಲ್ಲಿಲ್ಲ. ಅಂದಮೇಲೆ ಕಳುವಾಗಿದೆ! ಕಳೆದುಹೋದ ಊಟ ಹುಡುಕಲು ಸೈನ್ಯ ಹೊರಟಿತು. ಮಂಚದ ಕೆಳಗೆ, ಹುಲ್ಲಿನ ಬಣವೆಯೊಳಗೆ, ಎಮ್ಮೆಯ ಕಿವಿಯಲ್ಲಿ ಹುಡುಕಿದರು. ಕೊನೆಗೆ ನೋಡಿದರೆ ಇಡೀ ಊರಲ್ಲಿ ಒಂದೇ ಒಂದು ಗುಡಿಸಲಿನಿಂದ ಹೊಗೆ ಏಳುತ್ತಿತ್ತು. ಹಿಂಗುಟುಕು ಅನ್ನುವ ಮಾತೇ ಚೌಡಮ್ಮನ ಬಳಿ ಇರಲಿಲ್ಲವಲ್ಲ? ಅವಳು ಕುಡಿದದ್ದು ಬರೀ ಚಂಪಟೆ. ಅದರಿಂದ ಹೊಟ್ಟೆ ತುಂಬಬೇಕು ಅಂತ ಅಪ್ಪಣೆ ಇರಲಿಲ್ಲ. ಪಾಪ, ಅವಳೊಬ್ಬಳೇ ನಿಜವಾಗಿ ಉಣ್ಣಬೇಕಾಗಿತ್ತು.

ಮುದ್ದೆಯ ಸಮೇತ ಹಿಡಿದು ತಂದರು.

"ಏನಜ್ಜೀ, ಊರವರ ಊಟವನ್ನೆಲ್ಲ ನೀನೇ ಉಂಡೆಯಾ?"

"ಒಂದು ಮುದ್ದೆ ಉಂಡೆ ಬುದ್ಧಿ. ಎರಡನೇದು ಈ ವಯಸ್ಸಿಗೆ ಅರಗಲ್ಲ."

ಮಂತ್ರಿ ಗುಡುಗಿದ. "ಎಲ್ಲರ ಊಟ ವಾಪಸು ಕೊಡು. ಇಲ್ಲದಿದ್ದರೆ ಈಚಲುವನ ಬಿಟ್ಟು ತೊಲಗು!"

ಆ ಮರಗಳ ಮೈಮೇಲೆ ಗಾಳಪ್ಪ ಕಾಲಿಟ್ಟ ಗುರುತುಗಳಿದ್ದವು. ಯಾವ ಮರದಲ್ಲಿ ಅವನು ಸೀನುತ್ತಿದ್ದ, ಯಾವುದರಲ್ಲಿ ಹಾಡುತ್ತಿದ್ದ ಅಂತ ಚೌಡಮ್ಮನಿಗೆ ಗೊತ್ತಿತ್ತು. ಬಿಟ್ಟು ಎಲ್ಲಿಗೆ ಹೋಗುವುದು? ಅವಳು ನೆಟ್ಟಗೆ ನಿಂತಳು.

"ಬುದ್ಧಿ, ನಿನ್ನೆ ಕುಡಿದಿರಲ್ಲ, ಅದು ಇವತ್ತಿನ ಊಟಕ್ಕೆ ಮುಂಚೆಯೋ, ಆಮೇಲೆಯೋ?"

"ನಿನ್ನೆ ಅಂದಮೇಲೆ ಇವತ್ತಿಗೆ ಮುಂಚೆಯೇ."

"ಊಟಕ್ಕೆ ಮುಂಚಿನದಕ್ಕೆ ಏನಂತಾರೆ? ಆ ಮಾತು ಈಗ ನನ್ನ ಬಾಯಲ್ಲಿಲ್ಲ, ನೀವೇ ಹೇಳಬೇಕು."

"ಮುಂಗುಟುಕು" ಅಂದ ದೊರೆ. ಅಂದವನು ಬೆಚ್ಚಿದ.

"ಮುಂಗುಟುಕು ಕುಡಿದವರು ಆಮೇಲೆ ಏನು ಮಾಡಬೇಕು?"

ದೊರೆ ಬಾಯಿ ತೆರೆಯುವ ಮೊದಲೇ ಅವನ ಹೊಟ್ಟೆ ಕೂಗಿತು: "ಉಣ್ಣಬೇಕು!" ಮಂತ್ರಿಯ ಹೊಟ್ಟೆ ಕೂಗಿತು. ಸಿಪಾಯಿಗಳ ಹೊಟ್ಟೆ, ಊರಿನ ಅಷ್ಟೂ ಹೊಟ್ಟೆ ಒಟ್ಟಿಗೆ ಕೂಗಿದವು. ಅರಮನೆಯ ಹೆಂಚು ಹಾರಿತು. ಒಲೆಗಳು ತಾವಾಗಿಯೇ ಹೊತ್ತಿಕೊಂಡವು.

ಉಂಡು ತೇಗಿದ ದೊರೆ ಕೈಮುಗಿದ. "ಅಜ್ಜೀ, ನಿನ್ನ ಮಾತು ನೀನೇ ಇಟ್ಟುಕೋ. ನನ್ನ ಹುಬ್ಬು ನನಗೆ ಕೊಡು."

ಮಾತು ಮರಳಿ ಬಂತು. ಆದರೆ ಅವಳು ಮನೆಗೆ ನಡೆಯುವಾಗ ಎಲ್ಲ ಮನೆಗಳಿಂದಲೂ ಅದೇ ಕೂಗು. "ಮುಂಗುಟುಕು ಕೊಡೇ!" "ಹಿಂಗುಟುಕು ಎಲ್ಲೇ?" ಒಬ್ಬ ಗದರಿ ಅನ್ನುತ್ತಿದ್ದ, ಒಬ್ಬ ಮುದ್ದಿನಿಂದ ಅನ್ನುತ್ತಿದ್ದ. ಯಾರೂ ಗಾಳಪ್ಪನ ಹಾಗೆ ಅನ್ನಲಿಲ್ಲ. ಚೌಡಮ್ಮ ಬೇಲಿ ಹಿಡಿದು ನಿಂತು, ಕೊನೆಯ ಮನೆಯವರೆಗೂ ಕೇಳಿಸಿಕೊಂಡಳು. ಸಂಕಟವಾಯಿತು. ಯಾಕೋ ಸಂತೋಷವೂ ಆಯಿತು.

ಗುಡಿಸಲಿಗೆ ಬಂದು ಊಟಕ್ಕೆ ಕೂತಳು. ಅರ್ಧ ಮುದ್ದೆ ಆದಾಗ ಕೈ ನಿಲ್ಲಿಸಿದಳು. ಗಾಳಪ್ಪ ಉಣ್ಣುವಾಗ ನಡುವೆ ಯಾವತ್ತೂ ಕುಡಿದವನಲ್ಲ. ಅವಳು ಹೆಂಡದ ಬುರುಡೆ ಎತ್ತಿ, ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ ಅಂದಳು: "ನಡುಗುಟುಕು."

ಕುಡಿದಳು. ಉಳಿದ ಅರ್ಧ ಉಂಡಳು.

ಅವರು ಉಂಡರು, ನಾವು ಕೇಳಿದೆವು. ಇದರ ನೀತಿ ಏನು ಅಂತ ಕೇಳುವವರು ಮೊದಲು ತಮ್ಮ ಹುಬ್ಬಿಗೆ ಹೆಸರಿಟ್ಟು ಬನ್ನಿ.