ಮಚ್ಚಿನ ಸ್ನಾನ

ನಮ್ಮ ಹಿತ್ತಿಲಂಥದ್ದೇ ಒಂದು ಹಿತ್ತಿಲು ಅನ್ನಿ. ಅಲ್ಲೊಂದು ದೊಡ್ಡ ಮಾವಿನಮರ, ಪಕ್ಕದಲ್ಲೇ ಅದರ ಮಗಳು, ಎಳೇ ಗಿಡ; ಬಚ್ಚಲ ಗೋಡೆಗೆ ಒರಗಿ ಒಂದು ಮಚ್ಚು. ತಾಯಿಮರದ ಎಲೆ ಮೇಲೆ ಕಪ್ಪು ಚುಕ್ಕೆ ಎದ್ದು, ಒಂದು ಕೊಂಬೆ ತುದಿಯಿಂದ ಒಣಗುತ್ತಾ ಬಂತು.

"ಬೂಷ್ಟು ತಗುಲಿದೆ ಅಕ್ಕಾ, ಬಿಟ್ಟರೆ ಬುಡಕ್ಕಿಳಿಯುತ್ತೆ" ಅಂತ ಮಚ್ಚು ಆ ಕೊಂಬೆಯನ್ನು ಹಸಿ ಭಾಗದವರೆಗೂ ಕಡಿದು ಬಚ್ಚಲೊಲೆಗೆ ಹಾಕಿತು.

ಮಗಳದ್ದೂ ಒಂದು ರೆಂಬೆ ಗಾಳಿಗೆ ಮುರಿದು ಜೋತಾಡುತ್ತಿತ್ತು. ಮಚ್ಚು ಹಾಗೇ ಅತ್ತ ತಿರುಗಿತು.

"ನಿಲ್ಲಪ್ಪಾ, ಮೊದಲು ಸ್ನಾನ ಮಾಡಿ ಬಾ" ಅಂದಳು ತಾಯಿ.

ಮಚ್ಚಿನ ಮುಖ ಸಣ್ಣಗಾಯಿತು. "ನಿನ್ನ ರೋಗ ತೆಗೆದವನು ನಾನು. ನನ್ನನ್ನೇ ಹೊಲಸು ಅಂತೀಯಾ?"

"ಸಾವಿನ ಮನೆಯಲ್ಲಿ ಹೆಗಲು ಕೊಟ್ಟು ಬಂದವನು ಒಳ್ಳೆಯವನೇ ಕಣಪ್ಪಾ. ಆದರೂ ಸ್ನಾನ ಮಾಡದೆ ತೊಟ್ಟಿಲು ಮುಟ್ಟುತ್ತಾನಾ? ನಿನ್ನ ಅಲಗಿಗೆ ನನ್ನ ರೋಗ ಅಂಟಿದೆ."

ಮಚ್ಚು ಬಚ್ಚಲಿಗೆ ಹೋಯಿತು. ಒಲೆಯಲ್ಲಿ ಅದೇ ಕೊಂಬೆ ಉರಿದು ಹಂಡೆ ನೀರು ಕುದಿಯುತ್ತಿತ್ತು. ಚೆನ್ನಾಗಿ ಮುಳುಗಿ, ಮೈ ಒರೆಸಿಕೊಂಡು ಬಂತು.

ಎಳೇ ಗಿಡ ಕಣ್ಣು ಮುಚ್ಚಿಕೊಂಡು ರೆಂಬೆ ಚಾಚಿತು. ಅಲಗು ತಾಗಿದಾಗ ಕಣ್ಣು ಬಿಟ್ಟು, "ಬೆಚ್ಚಗಿದ್ದೀಯಲ್ಲ ಮಾಮಾ" ಅಂತು.

ತಾಯಿಮರ ತನ್ನ ಕೊಂಬೆಯ ಹೊಗೆ ನೋಡುತ್ತಾ ನಿಂತಿತ್ತು.