ಶಾವಂತ್ರವ್ವನ ಹೊಳೆನಡಿಗೆ

ಬಹಳ ಹಿಂದೆ, ಲೆಕ್ಕಕ್ಕೆ ಸಿಗದಷ್ಟು ಹಿಂದೆ, ಹೊಳೆದಂಡೆಯಲ್ಲಿ ಒಂದು ನೇಕಾರರ ಊರು. ಆ ಊರಲ್ಲಿ ಶಾವಂತ್ರವ್ವ ಇದ್ದಳಂತೆ.

ಮಗ್ಗಗಳೆಲ್ಲ ನೆಲದ ಕುಣಿಯಲ್ಲಿ. ಕಾಲು ಇಳಿಬಿಟ್ಟು ಕೂತರೆ ಏಳುವುದು ಸಂಜೆಗೆ. ನಲವತ್ತು ದಾಟುವ ಹೊತ್ತಿಗೆ ಹೆಂಗಸರ ಮೊಣಕಾಲು ಕಟ್ಟಿಗೆಯಂತೆ ಬಿಗಿ. ಶಾವಂತ್ರವ್ವನದೂ ಹಾಗೇ. ಒಮ್ಮೆ ತೇಲಿಹೋದ ಸೀರೆ ಹಿಡಿಯಲು ಎದೆಮಟ್ಟದ ನೀರಿಗೆ ಇಳಿದಳಂತೆ. ನಾಲ್ಕು ಹೆಜ್ಜೆ ಇಟ್ಟಮೇಲೆ ನೋವಿಲ್ಲದ್ದು ಗೊತ್ತಾಯಿತಂತೆ. ಮರುದಿನವೂ ಇಳಿದಳು. ಅದರ ಮರುದಿನವೂ ಇಳಿದಳು. ತಿಂಗಳಿಗೆ ದಂಡೆ ಹತ್ತಿ ಓಡಿದಳಂತೆ.

ಹಾಸುನೂಲಿಗೆ ಗಂಜಿ ಹಚ್ಚಿ ಬೀದಿಯಲ್ಲಿ ಒಣಹಾಕಿದರೆ, ಒಣಗುವ ತನಕ ಕೆಲಸವಿಲ್ಲ. ಆ ಹೊತ್ತಿಗೆ ತನ್ನ ವಯಸ್ಸಿನ ಹೆಂಗಸರನ್ನೆಲ್ಲ ಹೊಳೆಗೆ ಕರೆದೊಯ್ದಳು. ಮುಳುಗದಂತೆ ಕಂಕುಳಿಗೊಂದು ಒಣ ಸೋರೆಬುರುಡೆ. "ಮೊಣಕಾಲ ಎತ್ರೇ! ಹೊಸ ಮದುಮಗಳಂಗ ಏನ ನಾಚಿಕಿ!" ಎಂದು ಬೈಯುತ್ತಿದ್ದಳಂತೆ. ನೆರೆ ಬಂದಾಗಲೂ ಸೆಳವಿಗೆ ಎದುರು ನಡೆದು ಆಚೆ ದಡ ಮುಟ್ಟಿದಳಂತೆ. ಹೊಳೆಯೇ ಬದಿಗೆ ಸರಿಯಿತಂತೆ. ನೋಡಿದವರಿಲ್ಲ. ಹೇಳುವವರು ಬಹಳ.

ಅದೇ ಊರಲ್ಲಿ ರಾಚಪ್ಪ. ಅವನ ಹೆಂಡತಿ ಬಸಲಿಂಗವ್ವ ಕುಣಿಯಿಂದ ಏಳಬೇಕಾದರೆ ಅವನು ರಟ್ಟೆ ಹಿಡಿದು ಎಳೆಯಬೇಕಿತ್ತು. ಹನ್ನೆರಡು ದಿನ ಹೊಳೆಗೆ ಹೋದಳು. ಹದಿಮೂರನೆಯ ದಿನ ತಾನೇ ಎದ್ದಳಂತೆ. ಎದ್ದು ನಕ್ಕಳಂತೆ. ರಾಚಪ್ಪನೂ ನಕ್ಕ.

ಚಾವಡಿಯಲ್ಲಿ ಯಾರೋ ಕೇಳಿದರು: "ಏನೋ ರಾಚ್ಯಾ, ಎಮ್ಮಿ ಮೈ ತೊಳ್ಯಾಕ ಕಳಿಸೀಯೇನು? ನೀರಾಗ ನಡದ್ರ ಯಾವ ಊರು ಬರ್ತೈತಿ?"

ಕೂತವರೆಲ್ಲ ನಕ್ಕರು. ಆ ನಗೆ ಅವನಿಗೆ ನಾಟಿತು. ಮನೆಗೆ ಬಂದು, ಇನ್ನು ಹೊಳೆಗೆ ಹೋಗಬೇಡ ಎಂದ.

ಶಾವಂತ್ರವ್ವ ಬಾಗಿಲಿಗೆ ಬಂದಳು. "ಅಣ್ಣಾ, ಮಳಿಗಾಲದ ತನಕ ಬಿಡು. ಕಾಲು ಗಟ್ಟಿ ಆಗ್ತಾವ."

ಅವನು ತಲೆ ಎತ್ತಲಿಲ್ಲ. ಲಾಳಿ ಎಸೆಯುತ್ತಲೇ ಇದ್ದ. ಬಸಲಿಂಗವ್ವ ಒಲೆಯ ಮುಂದೆ ಕೂತಿದ್ದಳು.

ಎರಡು ವರ್ಷಕ್ಕೆ ಅವಳು ಹಾಸಿಗೆ ಹಿಡಿದಳು. ಆಗ ರಾಚಪ್ಪ ನಾಚಿಕೆ ಬಿಟ್ಟು, ಅವಳನ್ನು ಹೊತ್ತುಕೊಂಡು ಹೊಳೆಗೆ ಹೋದ. ಶಾವಂತ್ರವ್ವ ಇಸಿದುಕೊಂಡು ನೀರಿಗಿಳಿಸಿದಳು. ಕಾಲು ತೇಲಿದವು. ಮಡಚಲಿಲ್ಲ. ರಾಚಪ್ಪ ದಿನವೂ ಹೊತ್ತ. ಮಡಚಲೇ ಇಲ್ಲ. "ನೀರಾಗ ಹಗೂರ ಅನಸ್ತೈತಿ" ಎಂದಷ್ಟೇ ಬಸಲಿಂಗವ್ವ ಹೇಳುತ್ತಿದ್ದಳಂತೆ. ಆ ಚಳಿಗಾಲಕ್ಕೆ ತೀರಿಹೋದಳು.

ಆಮೇಲೆ ನೂಲು ಬಿಸಿಲಿಗೆ ಹಾಕಿದಾಗಲೆಲ್ಲ ರಾಚಪ್ಪ ಮನೆಯ ಕಡೆ ತಿರುಗಿ, "ಹೊಳಿಗೆ ಹೋಗಿ ಬಾರೇ" ಎನ್ನುತ್ತಿದ್ದನಂತೆ. ಒಳಗೆ ಯಾರೂ ಇರಲಿಲ್ಲ. ಮೊದಲು ಜನ ನಕ್ಕರಂತೆ. ಆಮೇಲೆ ನಗಲಿಲ್ಲ.

ಶಾವಂತ್ರವ್ವ ಹೋಗಿ ಎಷ್ಟು ಕಾಲವಾಯಿತೋ. ಈಗಲೂ ಆ ಊರಲ್ಲಿ ನೂಲು ಒಣಹಾಕಿದ ಗಂಡಸು ಬಾಗಿಲಿಗೆ ಬಂದು, ಶಾವಂತ್ರವ್ವನ ಹೆಸರು ಹೇಳಿ, ಹೊಳೆಗೆ ಹೋಗಿ ಬಾ ಎಂದು ಹೆಂಡತಿಗೆ ಹೇಳುತ್ತಾನೆ. ಅವಳು ತಿರುಗಿ ಬರುವ ತನಕ ಮಗ್ಗಕ್ಕೆ ಕೈ ಹಚ್ಚುವುದಿಲ್ಲ.