ಹಣೆಯ ಮೇಲಿಟ್ಟ ಕೈ

ಮಾಂಜ್ರಾ ನದಿಯ ದಂಡೆಯಲ್ಲಿ ಒಂದು ಚಿಕ್ಕ ಕ್ರೈಸ್ತ ಆಶ್ರಮವಿತ್ತು. ಅಲ್ಲಿ ನತಾನಪ್ಪ ಅಯ್ಯನವರು ಇದ್ದರು. ಅವರ ಬಳಿ ಸಿಲಾಸ ಎಂಬ ಯುವಕ ಸತ್ಯವೇದ ಕಲಿಯುತ್ತಿದ್ದ.

ಒಮ್ಮೆ ಸಿಲಾಸ ಪಟ್ಟಣದ ದೊಡ್ಡ ಪ್ರಾರ್ಥನಾ ಕೂಟಕ್ಕೆ ಹೋದ. ಅಲ್ಲಿ ಬೋಧಕರೊಬ್ಬರು ಹಣೆ ಮುಟ್ಟಿದರೆ ಸಾಕು, ಜನ ಸಾಲುಸಾಲಾಗಿ ಹಿಂದಕ್ಕೆ ಬೀಳುತ್ತಿದ್ದರು. ಪವಿತ್ರಾತ್ಮನ ಬಲ ಎಂದು ಎಲ್ಲರೂ ಸ್ತೋತ್ರ ಹೇಳುತ್ತಿದ್ದರು.

ಸಿಲಾಸನ ಮೈ ಜುಮ್ಮೆಂದಿತು. ತನ್ನ ಕೈಗೂ ಆ ಬಲ ಬರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತಾ ಬಂದ.

ಶುಕ್ರವಾರದ ಪ್ರಾರ್ಥನೆಗೆ ಊರಿನ ದೀನಮ್ಮ ಬಂದಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಮನೆ ನಡೆಸುವ ಹೆಂಗಸು. ಗಾರೆ ಕೆಲಸದ ಗಂಡ ಶಿಮೋನಪ್ಪ ಗೋಡೆ ಕಟ್ಟುವಾಗ ಮೇಲಿಂದ ಬಿದ್ದು ಕಾಲು ಮುರಿದುಕೊಂಡು ಮಂಚ ಹಿಡಿದಿದ್ದ. ಅವನಿಗಾಗಿ ಪ್ರಾರ್ಥನೆ ಮಾಡಿರಿ ಎಂದು ಅವಳು, ಅಂದು ಪ್ರಾರ್ಥನೆ ನಡೆಸುತ್ತಿದ್ದ ಸಿಲಾಸನ ಮುಂದೆ ನಿಂತಳು.

ಸಿಲಾಸ ಅವಳ ಹಣೆಯ ಮೇಲೆ ಕೈಯಿಟ್ಟ. ಜೋರಾಗಿ ಪ್ರಾರ್ಥಿಸಿದ. ಅವಳು ನಿಂತೇ ಇದ್ದಳು.

ಇನ್ನೂ ಜೋರಾಗಿ ಪ್ರಾರ್ಥಿಸಿದ. ಜನರೆಲ್ಲ ನೋಡುತ್ತಿದ್ದರು. ಅವನ ಕೈ ಒಂದಿಷ್ಟು ಒತ್ತಿತು.

ದೀನಮ್ಮ ಹಿಂದಕ್ಕೆ ಬಿದ್ದಳು. ಕಲ್ಲಿನ ನೆಲ. ಕೈ ಮೈಯ ಕೆಳಗೆ ಸಿಕ್ಕಿಕೊಂಡಿತು.

"ಸ್ತೋತ್ರ! ಸ್ತೋತ್ರ!" ಎಂದರು ಜನ.

ಹಿಂದೆ ಕುಳಿತಿದ್ದ ಅಯ್ಯನವರು ಎದ್ದು ಬಂದು ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತರು.

"ತಾಯಿ, ಏಳಲಿಕ್ಕೆ ಆಗ್ತದೇನು?"

ದೀನಮ್ಮ ಕಣ್ಣು ತೆರೆಯದೆ ಪಿಸುಗುಟ್ಟಿದಳು. "ಎದ್ರ ಜನ ಏನಂತಾರ್ರಿ ಅಯ್ಯನೋರೆ? ನನ್ನ ಮ್ಯಾಲ ಆತ್ಮ ಬರಲಿಲ್ಲ ಅಂತಾರ."

ಅಯ್ಯನವರು ಹೆಗಲ ಮೇಲಿನ ಶಲ್ಯ ತೆಗೆದು ಅವಳ ಮಣಿಕಟ್ಟಿಗೆ ಸುತ್ತಿದರು. ಅದು ಆಗಲೇ ಊದಿಕೊಂಡಿತ್ತು.

ಜನ ಹೋದ ಮೇಲೆ ಗುರುಶಿಷ್ಯರು ನದಿಯ ಕಡೆ ನಡೆದರು. ಸಿಲಾಸನೇ ಮೊದಲು ಬಾಯಿಬಿಟ್ಟ.

"ಬೀಳೋದು ಸತ್ಯವೇದದಾಗೇ ಅದ ಅಲ್ರಿ ಅಯ್ಯನೋರೆ?"

"ಅದ. ಯಾರು ಬಿದ್ದರು, ಹೇಳು."

"ಯೆಹೆಜ್ಕೇಲ ಬಿದ್ದ. ದಾನಿಯೇಲ ಬಿದ್ದ. ದಮಸ್ಕದ ದಾರಿಯಾಗ ಸೌಲ ಬಿದ್ದ. ಯೋಹಾನ ಸತ್ತವನ ಹಂಗ ಬಿದ್ದ."

"ಅವರನ್ನ ದೂಡಿದವರು ಯಾರು?"

ಸಿಲಾಸ ತಲೆ ತಗ್ಗಿಸಿ ನಡೆದ.

"ಬಿದ್ದ ಯೆಹೆಜ್ಕೇಲನೊಳಗ ಆತ್ಮ ಬಂತು. ಬಂದು ಏನು ಮಾಡ್ತು?"

"ಎಬ್ಬಿಸಿ ನಿಲ್ಲಿಸ್ತುರಿ."

"ಯೋಹಾನನ್ನ?"

"ಕರ್ತ ಬಲಗೈ ಇಟ್ಟು, ಅಂಜಬ್ಯಾಡ ಅಂದ."

"ಇನ್ನೊಂದು ಕಡೆ ಜನ ಬಿದ್ದದ್ದು ಅದ. ನೆನಪದ ಏನು? ಪಂಜು ಹಿಡಕೊಂಡು ತೋಟಕ್ಕ ಬಂದವರು. ಯೇಸು ಒಂದು ಮಾತು ಆಡಿದ, ಎಲ್ಲರೂ ಹಿಂದಕ್ಕ ಬಿದ್ದರು."

"ಹೌದ್ರಿ."

"ಎದ್ದು ಏನು ಮಾಡಿದರು?"

ಸಿಲಾಸನ ದನಿ ಇಳಿಯಿತು. "ಆತನ ಕೈ ಕಟ್ಟಿ ಎಳಕೊಂಡು ಹೋದರು."

ನೀರು ಹರಿಯುತ್ತಿತ್ತು.

"ಹಂಗಾದ್ರ ಕೂಟದಾಗ ಬಿದ್ದವರೆಲ್ಲ ಸುಳ್ಳೇನ್ರಿ?"

"ನಾನು ಹಂಗ ಅಂದೆನೇನು? ದೇವರ ಮುಂದ ಯಾರ ಮೊಣಕಾಲು ಯಾವಾಗ ಸೋಲ್ತದೋ ನನಗೇನು ಗೊತ್ತು? ನನಗ ಗೊತ್ತಿರೋದು ಇವತ್ತಿನದು ಒಂದೇ."

ಸಿಲಾಸ ತನ್ನ ಬಲಗೈ ನೋಡಿಕೊಂಡ. ಕಣ್ಣು ತುಂಬಿ ಬಂತು. "ನಾ ದೂಡಿದೆರಿ" ಎಂದ.

"ನಾಳಿಂದ ದೀನಮ್ಮನ ಮನಿಗೆ ಹೋಗು."

"ಹೋಗಿ ಏನು ಬೋಧನೆ ಮಾಡ್ಲಿರಿ?"

"ರೊಟ್ಟಿ ಬಡಿ" ಎಂದರು ಅಯ್ಯನವರು.

ಬೆಳಿಗ್ಗೆ ಸಿಲಾಸ ಹೋಗಿ ದೀನಮ್ಮನ ಬಾಗಿಲಲ್ಲಿ ನಿಂತ. "ತಪ್ಪಾತು ಅಕ್ಕ. ಅದು ಆತ್ಮ ಅಲ್ಲ, ನನ್ನ ಕೈ. ನಿನ್ನ ಕೈ ನೆಟ್ಟಗಾಗೋ ತನಕ ಕೆಲಸ ನಾ ಮಾಡ್ತೀನಿ."

ದೀನಮ್ಮ ಒಲೆಯ ಮುಂದಿನಿಂದ ಸರಿದು ಜಾಗ ಕೊಟ್ಟಳು.

ಮೊದಲ ರೊಟ್ಟಿ ಕೈಯಲ್ಲೇ ಹರಿಯಿತು. ಎರಡನೆಯದು ಹಂಚಿಗೆ ಹಾಕುವಾಗ ಮಡಚಿ ಮುದ್ದೆಯಾಯಿತು. ಮೂಲೆಯ ಮಂಚದಿಂದ ಯಾರೋ ನಕ್ಕರು.

ದೀನಮ್ಮ ತಟ್ಟನೆ ತಿರುಗಿ ನೋಡಿದಳು. ಮಂಚ ಹಿಡಿದ ಮೇಲೆ ಅವಳ ಗಂಡ ನಕ್ಕದ್ದು ಅದೇ ಮೊದಲು.

ಶಿಮೋನಪ್ಪನ ಮೂಳೆ ಕೂಡಿಕೊಂಡು ಬಹಳ ಕಾಲವಾಗಿತ್ತು. ನಡೆಯಬಹುದು ಎಂದು ಡಾಕ್ಟರು ಹೇಳಿದ್ದರು. ಆದರೆ ಅವನು ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ.

"ಯಾಕ ಏಳವಲ್ರಿ ಮಾವ?" ಎಂದು ಒಂದು ದಿನ ಸಿಲಾಸ ಕೇಳಿದ.

"ಮತ್ತ ಬಿದ್ರ?"

ಸಿಲಾಸನಿಗೆ ತಿಳಿದ ವಚನಗಳೆಲ್ಲ ಬಾಯಿಗೆ ಬಂದವು. ಒಂದನ್ನೂ ಹೇಳಲಿಲ್ಲ. "ಬಿದ್ರ ನಿಮ್ಮ ಕೆಳಗ ನಾ ಇರ್ತೀನಿ" ಎಂದ.

ಅಂದಿನಿಂದ ರೊಟ್ಟಿ ಮುಗಿದ ಮೇಲೆ ಅವನು ಶಿಮೋನಪ್ಪನ ಬಗಲಿಗೆ ಹೆಗಲು ಕೊಡುತ್ತಿದ್ದ. ಮೊದಲು ಮಂಚದ ಅಂಚಿನವರೆಗೆ. ಆಮೇಲೆ ಹೊಸ್ತಿಲವರೆಗೆ. ಶಿಮೋನಪ್ಪ ನಡುಗುತ್ತಿದ್ದ, ಬೈಯುತ್ತಿದ್ದ, ಒಮ್ಮೊಮ್ಮೆ ಅಳುತ್ತಿದ್ದ. ದೀನಮ್ಮನ ಕೈ ನೆಟ್ಟಗಾಗಿ ಅವಳೇ ರೊಟ್ಟಿ ಬಡಿಯತೊಡಗಿದಳು. ಸಿಲಾಸ ಬರುವುದನ್ನು ನಿಲ್ಲಿಸಲಿಲ್ಲ.

ಒಂದು ದಿನ ಓಣಿಯಲ್ಲಿ ಶಿಮೋನಪ್ಪನ ಕಾಲು ತೊಡರಿತು. ಇಬ್ಬರೂ ಧೂಳಿಗೆ ಬಿದ್ದರು. ಸಿಲಾಸ ಕೆಳಗೆ, ಶಿಮೋನಪ್ಪ ಮೇಲೆ.

ದೀನಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಶಿಮೋನಪ್ಪ ಕಣ್ಣರಳಿಸಿ ಕುಳಿತಿದ್ದ. "ಬಿದ್ದೆ" ಎಂದ.

"ಹೌದ್ರಿ, ಬಿದ್ರಿ" ಎಂದ ಸಿಲಾಸ, ಮೊಣಕೈ ಉಜ್ಜಿಕೊಳ್ಳುತ್ತಾ.

"ಏನೂ ಆಗಲಿಲ್ಲಲೇ!"

ಮೂವರೂ ಅಲ್ಲೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಶಿಮೋನಪ್ಪ ಗೋಡೆಗೆ ಕೈಯೂರಿ ತಾನೇ ಎದ್ದ.

ಸುಗ್ಗಿ ಹಬ್ಬದ ಭಾನುವಾರ ಬಂತು. ಸಭೆಯವರು ಹೊಲದ ಮೊದಲ ಫಲ ತಂದು ದೇವರ ಮುಂದೆ ಇಡುವ ದಿನ. ಅಂದು ಬೋಧನೆ ಮಾಡಲು ಅಯ್ಯನವರು ಸಿಲಾಸನಿಗೆ ಹೇಳಿದ್ದರು.

ಪ್ರಾರ್ಥನಾಲಯ ಕಿಕ್ಕಿರಿದಿತ್ತು. ಜೋಳದ ತೆನೆ, ಕುಂಬಳಕಾಯಿ, ಕಡಲೆಗಿಡದ ಕಟ್ಟುಗಳು ಮುಂದೆ ರಾಶಿ ಬಿದ್ದಿದ್ದವು. ಸಿಲಾಸ ಸತ್ಯವೇದ ತೆರೆದು ತಲೆಯೆತ್ತಿದ.

ಬಾಗಿಲಲ್ಲಿ ಶಿಮೋನಪ್ಪ ನಿಂತಿದ್ದ.

ಕೈಯಲ್ಲಿ ಕೋಲು. ತಲೆಗೆ ಒಗೆದ ರುಮಾಲು. ಹೆಂಡತಿ ಬುಟ್ಟಿ ತುಂಬ ಬಿಸಿ ರೊಟ್ಟಿ ಹೊತ್ತು ಹಿಂದೆ ಬರುತ್ತಿದ್ದಳು. ಅವನು ಯಾರ ಕೈಯನ್ನೂ ಹಿಡಿಯಲಿಲ್ಲ. ಜನರ ನಡುವಿನ ದಾರಿಯಲ್ಲಿ ಒಂದೊಂದೇ ಹೆಜ್ಜೆ ಹಾಕುತ್ತಾ ಬಂದ.

ಮೊದಲು ಮುದುಕಿಯೊಬ್ಬಳು ಎದ್ದು ನಿಂತಳು. ಅವಳ ಪಕ್ಕದವರು ಎದ್ದರು. ನೋಡನೋಡುತ್ತ ಇಡೀ ಸಭೆ ಎದ್ದು ನಿಂತಿತು. ಯಾರೋ ಹಾಡು ಎತ್ತಿದರು, ಹಲಗೆಯವನು ಹಲಗೆ ಬಾರಿಸಿದ. ಸೂರು ಹಾರಿಹೋಗುವಂತೆ ಎಲ್ಲರೂ ಹಾಡಿದರು.

ಶಿಮೋನಪ್ಪ ತೆನೆಗಳ ರಾಶಿಯವರೆಗೂ ನಡೆದು, ಕೋಲು ಬಗಲಿಗೆ ಸಿಕ್ಕಿಸಿ ಹೆಂಡತಿಯ ತಲೆಯಿಂದ ಬುಟ್ಟಿ ಇಳಿಸಿ, ತನ್ನ ಕೈಯಿಂದಲೇ ದೇವರ ಮುಂದೆ ಇಟ್ಟ. ನೆಟ್ಟಗೆ ನಿಂತು ಎರಡೂ ಕೈ ಮೇಲೆತ್ತಿದ. ಕೋಲು ಸದ್ದು ಮಾಡುತ್ತಾ ನೆಲಕ್ಕೆ ಬಿತ್ತು. ಅವನು ಬೀಳಲಿಲ್ಲ.

ಸಿಲಾಸ ಸತ್ಯವೇದ ಕೆಳಗಿಟ್ಟ. ಮೈಯ ಬಲವೆಲ್ಲ ನೀರಾಗಿ ಇಳಿದುಹೋಯಿತು. ಮೊಣಕಾಲು ಕುಸಿದವು. ಅವನು ಬೋರಲಾಗಿ ನೆಲಕ್ಕೆ ಬಿದ್ದ. ಅಳುತ್ತಿದ್ದ, ನಗುತ್ತಿದ್ದ, ಯೇಸುವಿನ ಹೆಸರು ಹೇಳುತ್ತಿದ್ದ.

ಯಾರೂ ಅವನನ್ನು ಮುಟ್ಟಿರಲಿಲ್ಲ.

ಸಭೆಯ ಹಿರಿಯರೊಬ್ಬರು ಅಯ್ಯನವರ ಕಿವಿಯ ಹತ್ತಿರ ಬಾಗಿದರು. "ಆತ್ಮನ ಬಲದಾಗ ಬೀಳೋದು ಅಂದ್ರ ಇದೇ ಏನ್ರಿ ಅಯ್ಯನೋರೆ?"

ಅಯ್ಯನವರ ಕೆನ್ನೆಯೂ ಒದ್ದೆಯಾಗಿತ್ತು. ಹಾಡು ಮುಗಿಯುವವರೆಗೂ ಕಾದರು. ಸಿಲಾಸನ ಅಳು ನಿಂತು ಉಸಿರು ತಿಳಿಯಾಗುವವರೆಗೂ ಕಾದರು.

ಆಮೇಲೆ ಹೋಗಿ ಅವನ ಪಕ್ಕದಲ್ಲಿ ಕುಳಿತು, ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟು ಹೇಳಿದರು:

"ಏಳು ಮಗಾ. ಶಿಮೋನಪ್ಪ ಇನ್ನ ಮನಿ ತನಕ ನಡೀಬೇಕು."